ಇನ್ನೂರು ವರ್ಷ ಸೊಟ್ಟಗೆ ನಿಂತಿದ್ದ ಪಬ್, ಎರಡೇ ದಿನದಲ್ಲಿ ನೆಲಸಮ

ಇವತ್ತು ಇಂಗ್ಲೆಂಡಿನ ಒಂದು ಹಳೇ ಪಬ್ ಕಥೆ. ಅದರ ಹೆಸರು ‘ಕ್ರುಕೆಡ್ ಹೌಸ್’. ಅಂದ್ರೆ ಸೊಟ್ಟ ಮನೆ!

ಸ್ಟಾಫರ್ಡ್‌ಶೈರ್‌ನ ಹಿಮ್ಲಿ ಅನ್ನೋ ಊರಿನ ಹತ್ತಿರ 1765ರಲ್ಲಿ ಕಟ್ಟಿದ ತೋಟದ ಮನೆ ಅದು. 1830ರ ಹೊತ್ತಿಗೆ ಪಬ್ ಆಯ್ತು. ಆ ಸುತ್ತಮುತ್ತ ನೆಲದಡಿ ಕಲ್ಲಿದ್ದಲು ತೆಗೆಯುತ್ತಿದ್ದರು. ಕೆಳಗೆ ಪೊಳ್ಳಾದ ಹಾಗೆ ಮೇಲಿನ ಮನೆ ಕುಸಿಯಿತು. ಒಂದು ಬದಿ ಇನ್ನೊಂದಕ್ಕಿಂತ ಸುಮಾರು 4 ಅಡಿ ಕೆಳಗೆ ಹೋಯ್ತು. ಆದ್ರೆ ಬೀಳಲಿಲ್ಲ. 1940ರ ದಶಕದಲ್ಲಿ ಕೆಡವಬೇಕು ಅನ್ನೋ ಮಾತು ಬಂದಾಗ, ಆಗಿನ ಬಿಯರ್ ಕಂಪನಿ ಆಸರೆ ಗೋಡೆ ಕಟ್ಟಿ, ಉಕ್ಕಿನ ಬಲ ಕೊಟ್ಟು ಉಳಿಸಿಕೊಂಡಿತು.

ಒಳಗೆ ಹೋದವರಿಗೆ ಕಣ್ಣೇ ಮೋಸ ಮಾಡ್ತಿತ್ತು. ಗೋಲಿ ಇಟ್ಟರೆ ಏರಿನ ಕಡೆಗೇ ಉರುಳಿದ ಹಾಗೆ ಕಾಣಿಸೋದು. ಅದನ್ನ ನೋಡೋಕೇ ದೂರದಿಂದ ಜನ ಬರ್ತಿದ್ರು.

2023ರ ಜುಲೈನಲ್ಲಿ ಮಾರ್ಸ್‌ಟನ್ಸ್ ಕಂಪನಿ ಈ ಪಬ್ಬನ್ನು ಮಾರಿತು. ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು. ಯಾರೋ ಬೇಕಂತಲೇ ಹಚ್ಚಿರಬಹುದು ಅಂತ ಪೊಲೀಸರು ತನಿಖೆ ಶುರು ಮಾಡಿದರು. ಬೆಂಕಿ ಆರಿದ ಮೇಲೂ ಗೋಡೆಗಳು ನಿಂತೇ ಇದ್ದವು. ಸುರಕ್ಷತೆಗಾಗಿ ಮೇಲಂತಸ್ತಿನ ಮುಂಭಾಗದ ಕೆಲವು ಭಾಗಗಳನ್ನು ಮಾತ್ರ ತೆಗೆಯಲು ಸ್ಥಳೀಯ ಕೌನ್ಸಿಲ್ ಒಪ್ಪಿತ್ತು. ಆದ್ರೆ 7ನೇ ತಾರೀಕು ಜೆಸಿಬಿ ಬಂದು ಇಡೀ ಕಟ್ಟಡವನ್ನೇ ಉರುಳಿಸಿಬಿಟ್ಟಿತು.

ಅಷ್ಟು ಹೆಸರುವಾಸಿ ಕಟ್ಟಡ. ಆದರೂ ಸಂರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ! ಸೇರಿಸಿ ಅಂತ ಅರ್ಜಿ ಹೋಗಿತ್ತು, ತೀರ್ಮಾನ ಆಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಕೌನ್ಸಿಲ್ ನೋಟಿಸ್ ಕೊಟ್ಟಿತು: ಮೂರು ವರ್ಷದೊಳಗೆ ಮೊದಲಿನ ಹಾಗೇ ಕಟ್ಟಿಕೊಡಿ. ಮಾಲೀಕರು ಮೇಲ್ಮನವಿ ಹಾಕಿದರು.

ಮೊದಲಿನ ಹಾಗೇ ಕಟ್ಟೋಕೆ ಆಗುತ್ತಾ? ಲಂಡನ್ನಿನಲ್ಲಿ ಒಮ್ಮೆ ಆಗಿದೆ. ಅಲ್ಲಿನ ಕಾರ್ಲ್‌ಟನ್ ಟ್ಯಾವರ್ನ್ 1920ರ ದಶಕದ ಆರಂಭದ ಪಬ್. 2015ರ ಏಪ್ರಿಲ್‌ನಲ್ಲಿ ಅನುಮತಿ ಇಲ್ಲದೆ ಕೆಡವಿದರು. ಊರಿನವರು ಬಿಡಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಿ ಅಂತ ಆದೇಶ ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಪಟ್ಟಿಗೆ ಸೇರಿಸುವ ಬಗ್ಗೆ ಪರಿಶೀಲನೆ ನಡೆದಿದ್ದರಿಂದ, ಕೆಡವುವ ಮೊದಲೇ ಆ ಕಟ್ಟಡದ ವಿವರಗಳು ದಾಖಲಾಗಿದ್ದವು. ಅದೇ ಕೈಹಿಡಿಯಿತು.

ಆದ್ರೆ ಕಾರ್ಲ್‌ಟನ್ನಿನ ಗೋಡೆ ನೆಟ್ಟಗಿತ್ತು. ಹಿಮ್ಲಿಯ ಸೊಟ್ಟು ಮೇಸ್ತ್ರಿ ಕಟ್ಟಿದ್ದಲ್ಲ, ಕುಸಿದ ನೆಲ ಕೊಟ್ಟಿದ್ದು. ಅದೇ ಇಟ್ಟಿಗೆ ತಂದು ಅಳತೆ ನೋಡಿ ವಾರೆಯಾಗಿ ಕಟ್ಟಬಹುದು. ಆಗ ಅದು ಹಳೇ ಮನೆಯೋ, ಅದರ ನಕಲೋ? ಈ ಪ್ರಶ್ನೆ ಯಾವ ನೋಟಿಸಿನಿಂದಲೂ ಬಗೆಹರಿಯಲ್ಲ.

ಎಲ್ಲರೂ ಫೋಟೋ ತೆಗೆದುಕೊಂಡ ಮಾತ್ರಕ್ಕೆ ಕಟ್ಟಡ ಉಳಿಯಲ್ಲ. ಕಾಗದದ ಮೇಲೆ ಅದರ ಹೆಸರು ಸಮಯಕ್ಕೆ ಸರಿಯಾಗಿ ಬರಬೇಕು. ನೀವು ಇಷ್ಟಪಡೋ ಹಳೇ ಕಟ್ಟಡ ಯಾವ ಪಟ್ಟಿಯಲ್ಲಿದೆ? ಒಮ್ಮೆ ವಿಚಾರಿಸಿ ನೋಡಿ. ಮತ್ತೆ ಸಿಗೋಣ.