ಸಿನಗಾಗ್ ಕಾಯ್ದ ಮಂಗಳೂರು

ಟುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ. ನಮ್ಮ ಕರಾವಳಿಯ ಅಡಿಕೆ, ಮೆಣಸನ್ನು ಹಡಗಿಗೇರಿಸುತ್ತಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವನ ಆಳು ಬೊಮ್ಮ ವ್ಯಾಪಾರಕ್ಕೆಂದು ಏಡನ್‌ವರೆಗೂ ಹೋಗಿಬಂದ.

ಇದನ್ನೆಲ್ಲ ಉಳಿಸಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂದು ಆ ಪ್ರಾರ್ಥನಾ ಮಂದಿರದವರು ಹಳೆಯ ಕಾಗದಗಳನ್ನು ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಪ್ರಾರ್ಥನೆಯ ಪುಟಗಳ ಜೊತೆ ಬೆನ್ ಯಿಜುವಿನಂಥವರ ಲೆಕ್ಕದ ಚೀಟಿ, ಓಲೆಗಳೂ ಉಳಿದವು.

ಬೆನ್ ಯಿಜು ಬದುಕಿದ್ದ ಅದೇ ಶತಮಾನದ ಬಳ್ಳಿಗಾವಿಯನ್ನು ಉಳವಿಯ ಸೀಮೆಯವರಾದ ನಾವು ಬಲ್ಲೆವು. ಅಲ್ಲಿನ ಕೋಡಿಮಠ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿತ್ತೆಂದು 1162ರ ಶಾಸನ ಸಾರುತ್ತದೆ. ಮಠದ ಹಿರಿಮೆಗೆ ಕಲ್ಲು ಸಾಕ್ಷಿ. ಆಳು ಬೊಮ್ಮನಿಗೆ ಕಾಗದವೇ ಸಾಕ್ಷಿ. ಅಟ್ಟದ ಹಳೆಯ ಪತ್ರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದೋಣ.