ಯಂತ್ರ ಬರೆದ ಕೇಸ್‌ಶೀಟು, ವೈದ್ಯರ ಸಹಿ



ವೈದ್ಯರು ಮಾತಾಡುತ್ತ ಹೋದಂತೆ ಕೇಸ್‌ಶೀಟು ತಾನೇ ತಯಾರಾಗುವ ತಂತ್ರಾಂಶಗಳು ಈಗ ಮಾರುಕಟ್ಟೆಯಲ್ಲಿವೆ. ಮಾರುವವರು ಹೇಳುವುದು ಎರಡೇ ಮಾತು: ತಪ್ಪು ಕಡಿಮೆ, ಸಮಯ ಉಳಿತಾಯ. ಈ ಎರಡನ್ನೂ ಅಳೆಯುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ತಜ್ಞರ ರೂಢಿಯ ಅಳತೆ ಸರಳ. ತಪ್ಪಾಗಿ ಬರೆದ, ಬಿಟ್ಟುಹೋದ, ಇಲ್ಲದೆಯೂ ಸೇರಿಕೊಂಡ ಪದಗಳನ್ನು ಕೂಡಿಸಿ, ಆಡಿದ ಒಟ್ಟು ಪದಗಳಿಂದ ಭಾಗಿಸುತ್ತಾರೆ. 'ಎರಡು ದಿನದಿಂದ ಜ್ವರ ಇದೆ, ಎದೆನೋವು ಇಲ್ಲ' ಎಂಬ ಆರು ಪದಗಳನ್ನು ತೆಗೆದುಕೊಳ್ಳಿ. ಒಂದು ಯಂತ್ರ 'ದಿನದಿಂದ' ಎಂಬುದನ್ನು 'ದಿನ್ದಿಂದ' ಎಂದು ಬರೆಯಿತು. ಇನ್ನೊಂದು ಕೊನೆಯ 'ಇಲ್ಲ'ವನ್ನು 'ಇದೆ' ಮಾಡಿತು. ಲೆಕ್ಕದಲ್ಲಿ ಎರಡಕ್ಕೂ ಆರರಲ್ಲಿ ಒಂದು ತಪ್ಪು. ಮೊದಲನೆಯದರಿಂದ ಯಾರಿಗೂ ತೊಂದರೆಯಿಲ್ಲ. ಎರಡನೆಯದು ರೋಗಿಯನ್ನು ಇಸಿಜಿ ಕೋಣೆಗೆ ಕಳಿಸುತ್ತದೆ. ಅದೇ ತಪ್ಪು ತಿರುವುಮುರುವಾದರೆ ಹೃದ್ರೋಗಿಯನ್ನು ಮನೆಗೆ ಕಳಿಸುತ್ತದೆ. ಕನ್ನಡದಲ್ಲಿ ನಿಷೇಧ ಬರುವುದು ವಾಕ್ಯದ ತುದಿಯಲ್ಲಿ, ಅದೂ ಬಹುಪಾಲು 'ನೋವಿಲ್ಲ', 'ಬಂದಿಲ್ಲ' ಎಂದು ಅಂಟಿಕೊಂಡು. ದನಿ ತಗ್ಗುವುದೂ ಅಲ್ಲೇ.

ಸಮಯದ ಮಾತಿಗೆ ಬರೋಣ. 2018ರಲ್ಲಿ ಅಮೆರಿಕದ ಎರಡು ಆರೋಗ್ಯ ಸಂಸ್ಥೆಗಳ 217 ಟಿಪ್ಪಣಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಯಂತ್ರ ಬರೆದ ಹಸಿ ಪ್ರತಿಯಲ್ಲಿ ನೂರು ಪದಕ್ಕೆ 7.4 ತಪ್ಪು, ಲಿಪಿಕಾರರು ತಿದ್ದಿದ ಮೇಲೆ 0.4, ವೈದ್ಯರು ನೋಡಿ ಸಹಿ ಹಾಕಿದ ಪ್ರತಿಯಲ್ಲಿ 0.3. ತಪ್ಪನ್ನು ಇಳಿಸಿದ್ದು ತಿದ್ದಿದ ಮನುಷ್ಯರು. ಹಾಗಾದರೆ ಆ ತಿದ್ದುವ ಹೊತ್ತನ್ನು ಲೆಕ್ಕದಿಂದ ಹೊರಗಿಟ್ಟು 'ಉಳಿತಾಯ' ಎನ್ನುವುದು ಸರಿಯೇ?

ಯಂತ್ರ ಕಲಿಯುವುದು ಕೇಳಿದ ಮಾತಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 'ರೆಸ್ಪಿನ್' ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಧ್ವನಿಯನ್ನು ಸಂಗ್ರಹಿಸಿದೆ. ಅದರ ವಿಷಯ ಕೃಷಿ ಮತ್ತು ಹಣಕಾಸು. ಅದೇ ಸಂಸ್ಥೆಯ 'ವಾಣಿ' ಯೋಜನೆ ದೇಶದ ಮಾತನ್ನು ಜಿಲ್ಲೆವಾರು ಕೂಡಿಡುತ್ತಿದೆ. ಇವು ದೊಡ್ಡ ಕೆಲಸಗಳೇ. ಆದರೆ ಹೊರರೋಗಿ ವಿಭಾಗದ ಮಾತು ಬೇರೆ. ಅಲ್ಲಿ 'ಜೋಮು', 'ಉಬ್ಬಸ', 'ಸಂಕಟ'ಗಳ ನಡುವೆ 'ಮೆಟ್‌ಫಾರ್ಮಿನ್ 500' ಬರುತ್ತದೆ; ಫ್ಯಾನಿನ ಸದ್ದು, ಮಗುವಿನ ಅಳು, ಟೋಕನ್ ಕೂಗು ಎಲ್ಲವೂ ಬೆರೆಯುತ್ತವೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಯ ತಾಂಡಾಗಳಿಂದ ಬರುವ ಅಜ್ಜಿಯ ಮಾತು ಲಂಬಾಣಿ. ಹಿರಿಯೂರಿನ ಧರ್ಮಪುರದ ಕಡೆ ತೆಲುಗು ಸೇರಿಕೊಳ್ಳುತ್ತದೆ.

ಇನ್ನೊಂದು ಅಪಾಯವಿದೆ. ಮಾತನ್ನು ಬರಹವಾಗಿಸುವ 'ವಿಸ್ಪರ್' ಎಂಬ ಪ್ರಸಿದ್ಧ ತಂತ್ರಾಂಶವನ್ನು ಪರೀಕ್ಷಿಸಿದ ಸಂಶೋಧಕರು, ಸುಮಾರು ನೂರರಲ್ಲೊಂದು ತುಣುಕಿನಲ್ಲಿ ಯಾರೂ ಆಡದ ವಾಕ್ಯಗಳನ್ನು ಅದು ಸೇರಿಸಿದ್ದನ್ನು 2024ರಲ್ಲಿ ವರದಿ ಮಾಡಿದರು. ಮಾತಿನ ನಡುವಿನ ಮೌನ ಹೆಚ್ಚಾದಷ್ಟೂ ಇದು ಹೆಚ್ಚು. ಮೆದುಳಿನ ಪೆಟ್ಟಿನಿಂದ ಮಾತು ತಡವರಿಸುವವರ ಧ್ವನಿಯಲ್ಲಿ ಈ ತೊಂದರೆ ಇತರರಿಗಿಂತ ಜಾಸ್ತಿ ಕಂಡಿತು. ನಿಲ್ಲಿಸಿ ನಿಲ್ಲಿಸಿ ಮಾತಾಡುವವರೇ ಆಸ್ಪತ್ರೆಗೆ ಬರುವವರಲ್ಲವೇ?

ಯಂತ್ರ ಬೇಡ ಎನ್ನುವುದು ನನ್ನ ವಾದವಲ್ಲ. ನೂರಾರು ರೋಗಿಗಳನ್ನು ನೋಡಿ ಕೈಸೋತ ವೈದ್ಯರಿಗೆ ನೆರವು ಬೇಕೇ ಬೇಕು. ಆದರೆ ಕೊಳ್ಳುವ ಮೊದಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸರ್ಕಾರಿ ಆಸ್ಪತ್ರೆಗಳಲ್ಲೇ ಪರೀಕ್ಷಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯದಂತೆ ರೋಗಿಯ ಒಪ್ಪಿಗೆ ಪಡೆಯಿರಿ. ಔಷಧದ ಹೆಸರು, ಪ್ರಮಾಣ, ಎಡ–ಬಲ, ದಿನಗಳ ಸಂಖ್ಯೆ, ಇದೆ–ಇಲ್ಲ ಎಂಬ ಐದರ ತಪ್ಪನ್ನು ಬೇರೆಯಾಗಿಯೇ ಎಣಿಸಿ. ಗಡಿಯಾರವನ್ನು ಮಾತು ಮುಗಿದಾಗಲ್ಲ, ಸಹಿ ಬಿದ್ದಾಗ ನಿಲ್ಲಿಸಿ. ಈ ಎರಡು ಅಳತೆಯಲ್ಲಿ ಗೆಲ್ಲದ ತಂತ್ರಾಂಶ ಎಷ್ಟೇ ಹೊಳೆಯುವ ಅಂಕಿ ತೋರಿಸಲಿ, ಸರ್ಕಾರದ ದುಡ್ಡಿನಲ್ಲಿ ಅದನ್ನು ಕೊಳ್ಳಬಾರದು.