ಎರಡು ಪಾರಿವಾಳದ ಮರಿಗಳ ಕಾಣಿಕೆ

(ಸಮರ್ಪಣೆಯ ಹಬ್ಬದ ಮುನ್ನ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಫೆಬ್ರವರಿ 2ರ ಹಬ್ಬವನ್ನು ನಾವೀಗ ದೇವಾಲಯದಲ್ಲಿ ಯೇಸುಸ್ವಾಮಿಯ ಸಮರ್ಪಣೆ ಎಂದು ಕರೆಯುತ್ತೇವೆ. ಮೊದಲು ಇದು ಮರಿಯಮ್ಮನವರ ಶುದ್ಧೀಕರಣದ ಹಬ್ಬವಾಗಿತ್ತು. 1969ರಲ್ಲಿ ಧರ್ಮಸಭೆಯ ಪಂಚಾಂಗ ಪರಿಷ್ಕರಣೆಯಾದಾಗ ಹೆಸರು ಬದಲಾಯಿತು. ಹೆಸರು ಬದಲಾದರೂ ಮನೆಭೇಟಿಗೆ ಹೋದಾಗ ನಮಗೆ ಒಂದು ಪ್ರಶ್ನೆ ಬರುತ್ತಲೇ ಇರುತ್ತೆ: “ಸಿಸ್ಟರ್, ಮಾತೆ ಮರಿಯಮ್ಮನಿಗೇ ಮೈಲಿಗೆ ಇತ್ತಂತೆ, ಇನ್ನು ನಮ್ಮದೇನು ಲೆಕ್ಕ?” ಬಾಣಂತಿಯನ್ನು ಮೂಲೆಗೆ ಕೂರಿಸುವ ಮನೆಯಲ್ಲಿ ಈ ಮಾತು ಸುಮ್ಮನೆ ಬರೋದಿಲ್ಲ. ಅದಕ್ಕೇ ಲೂಕನ ಶುಭಸಂದೇಶದ 2ನೇ ಅಧ್ಯಾಯವನ್ನು ಇವತ್ತು ನಿಧಾನವಾಗಿ ನೋಡೋಣ.

ಲೂಕನು ಇಲ್ಲಿ ಎರಡು ವಿಧಿಗಳನ್ನು ಒಟ್ಟಿಗೆ ಹೇಳುತ್ತಾನೆ. ಒಂದು ಚೊಚ್ಚಲು ಗಂಡುಮಗುವಿನದು. ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿಗೆ ಚೊಚ್ಚಲು ಮಗು ದೇವರಿಗೆ ಸೇರಿದ್ದು. 5 ಬೆಳ್ಳಿ ಶೆಕೆಲ್ ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು. ಇದಕ್ಕಾಗಿ ಮಗುವನ್ನು ದೇವಾಲಯಕ್ಕೇ ಒಯ್ಯಬೇಕೆಂದು ನಿಯಮವಿರಲಿಲ್ಲ. ಲೂಕನು 5 ಶೆಕೆಲ್ ಮಾತೇ ಎತ್ತುವುದಿಲ್ಲ, ಮಗುವನ್ನು ಸಮರ್ಪಿಸಿದರು ಎನ್ನುತ್ತಾನೆ. ಹನ್ನಳು ಸಮುವೇಲನನ್ನು ದೇವರ ಮನೆಗೆ ಒಪ್ಪಿಸಿದ ಕಥೆ ಅವನ ಮನಸ್ಸಿನಲ್ಲಿದೆ.

ಇನ್ನೊಂದು ತಾಯಿಯದು. ಯಾಜಕಕಾಂಡದ 12ನೇ ಅಧ್ಯಾಯದ ಪ್ರಕಾರ ಗಂಡುಮಗುವಾದರೆ 40 ದಿನ, ಹೆಣ್ಣಾದರೆ 80 ದಿನ ಆಕೆ ದೇವಾಲಯಕ್ಕೆ ಬರುವಂತಿಲ್ಲ. ಹೆಣ್ಣಿಗೆ ಏಕೆ ಇಮ್ಮಡಿ ಎಂದು ಗ್ರಂಥ ಕಾರಣ ಕೊಡುವುದಿಲ್ಲ. ನಮಗೂ ಅದು ಹಿಡಿಸುವುದಿಲ್ಲ, ಸಕ್ಕರೆ ಬೆರೆಸಿ ಹೇಳೋದೂ ಬೇಡ. ಆದರೆ ಕೊನೆಗೆ ಕೊಡುವ ಕಾಣಿಕೆ ಗಂಡಾದರೂ ಹೆಣ್ಣಾದರೂ ಒಂದೇ. ಮುಖ್ಯ ವಿಷಯವೇನೆಂದರೆ ಆ ಮೈಲಿಗೆ ಪಾಪವಲ್ಲ. ಹೆತ್ತ ತಂದೆಯ ಶವ ಮುಟ್ಟಿ ಮಣ್ಣು ಮಾಡಿದ ಮಗನಿಗೂ 7 ದಿನ ಮೈಲಿಗೆ. ಸತ್ತವರನ್ನು ಹೂಳುವುದೋ ಯೆಹೂದ್ಯರಲ್ಲಿ ದೊಡ್ಡ ಪುಣ್ಯದ ಕೆಲಸ. ಹುಟ್ಟು, ಸಾವು, ರಕ್ತ ಇವುಗಳ ಹತ್ತಿರ ಹೋದವರು ಸ್ವಲ್ಪ ಕಾಲ ತಡೆದು ದೇವಸನ್ನಿಧಿಗೆ ಮರಳಬೇಕು, ಅಷ್ಟೆ. ಬಾಣಂತಿ ಶುದ್ಧಳಾಗುತ್ತಾಳೆ ಎಂದು ಆ ಅಧ್ಯಾಯ ಹೇಳುತ್ತದೆಯೇ ಹೊರತು ಆಕೆಗೆ ಕ್ಷಮೆ ಸಿಗುತ್ತದೆ ಎನ್ನುವುದಿಲ್ಲ. ಕ್ಷಮಿಸಲು ತಪ್ಪೇನಿತ್ತು?

ಇದನ್ನು ಹೇಳಿ “ಯೆಹೂದ್ಯರು ಹಾಗೆ, ನಾವು ಹೀಗೆ” ಎಂದು ಬೀಗುವ ಪ್ರಸಂಗಗಳೂ ಉಂಟು. ಅದು ಧರ್ಮಸಭೆಯ ಬೋಧನೆಯಲ್ಲ. ಯೆಹೂದ್ಯರನ್ನು ದೇವರು ತ್ಯಜಿಸಿದವರೆಂದು ಬಿಂಬಿಸಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಮರಿಯ, ಜೋಸೆಫ್ ಇಬ್ಬರೂ ಶ್ರದ್ಧಾವಂತ ಯೆಹೂದ್ಯರು. ಧರ್ಮಶಾಸ್ತ್ರದ ಪ್ರಕಾರ ನಡೆದರು ಎಂಬ ಮಾತನ್ನು ಲೂಕನು ಈ ಭಾಗದಲ್ಲಿ ಮತ್ತೆ ಮತ್ತೆ ಬರೆಯುತ್ತಾನೆ.

ಈಗ ಕಾಣಿಕೆಗೆ ಬರೋಣ, ಸಂಘದವರಿಗೆ ಇಷ್ಟವಾಗುವ ಭಾಗ. ನಿಯಮದಂತೆ ಒಂದು ಕುರಿಮರಿ, ಒಂದು ಹಕ್ಕಿ. ಕುರಿ ಕೊಡುವ ಶಕ್ತಿಯಿಲ್ಲದ ತಾಯಿಗೆ ಎರಡು ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ ಸಾಕು. ಲೂಕನು ಕುರಿಯನ್ನು ಬಿಟ್ಟು ಹಕ್ಕಿಗಳನ್ನಷ್ಟೇ ಹೇಳುತ್ತಾನೆ. ಮರಿಯಮ್ಮ ತಂದದ್ದು ಬಡವರ ಕಾಣಿಕೆ. (“ಜ್ಞಾನಿಗಳು ಕೊಟ್ಟ ಚಿನ್ನ ಎಲ್ಲಿ ಹೋಯ್ತು ಸಿಸ್ಟರ್?” ಎಂದು ಕೇಳುವವರಿದ್ದಾರೆ. ಅದು ಮತ್ತಾಯನು ಹೇಳುವ ಕಥೆ, ಲೂಕನಲ್ಲಿ ಇಲ್ಲ.)

ಹಕ್ಕಿಯೂ ಅಗ್ಗವಾಗಿಯೇ ಉಳಿಯಲಿಲ್ಲ. ಯೆಹೂದ್ಯರ ಮಿಶ್ನಾ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಜೆರುಸಲೇಮಿನಲ್ಲಿ ಒಮ್ಮೆ ಜೋಡಿ ಹಕ್ಕಿಯ ಬೆಲೆ ಒಂದು ಚಿನ್ನದ ದೀನಾರಕ್ಕೆ, ಅಂದರೆ 25 ಬೆಳ್ಳಿ ದೀನಾರಕ್ಕೆ ಏರಿತು. ರಬ್ಬಾನ್ ಸಿಮೆಯೋನ್ ಬೆನ್ ಗಮಲಿಯೇಲ್ ಎಂಬ ಗುರು, ಬೆಲೆ ಇಳಿಯದೆ ಈ ರಾತ್ರಿ ಮಲಗುವುದಿಲ್ಲ ಎಂದು ಆಣೆಯಿಟ್ಟ. ಐದು ಹೆರಿಗೆಯಾದವಳೂ ಒಂದೇ ಕಾಣಿಕೆ ತಂದರೆ ಸಾಕು, ಉಳಿದದ್ದು ಬಾಕಿಯಲ್ಲ ಎಂದು ತೀರ್ಪು ಕೊಟ್ಟ. ಬೇಡಿಕೆ ಬಿತ್ತು, ಅದೇ ದಿನ ಬೆಲೆ ಒಂದು ಬೆಳ್ಳಿ ದೀನಾರಕ್ಕಿಂತ ಕೆಳಗಿಳಿಯಿತು. ಬಾಕಿ ಹೊತ್ತ ಬಡ ತಾಯಂದಿರ ಕಷ್ಟ ತಿಳಿದ ಧರ್ಮಗುರು ಅವನು. ಸಾಲದ ಕಂತಿನ ಲೆಕ್ಕ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪ್ರವಾದನೆ. ಪ್ರವಾದನೆ ಎಂದರೆ ಕಣಿ ಹೇಳುವುದಲ್ಲ. ಹಿಂದೆ ದೇವರು ಕೊಟ್ಟ ಮಾತನ್ನು ಹಿಡಿದು ಇಂದಿನ ಘಟನೆಯನ್ನು ಓದುವುದು. ಕರ್ತರು ತಮ್ಮ ಆಲಯಕ್ಕೆ ಬರುವರೆಂದು ಮಲಾಕಿ ಹೇಳಿದ್ದ; ಆ ದಿನದ ಮೊದಲ ವಾಚನ ಅದೇ. ಮಲಾಕಿಯ ಮಾತಿನಲ್ಲಿ ಬೆಂಕಿ ಇದೆ, ಅಕ್ಕಸಾಲಿಯ ಕುಲುಮೆ ಇದೆ. ಬಂದದ್ದು 40 ದಿನದ ಕೂಸು, ಅದೂ ಬಡವರ ತೋಳಿನಲ್ಲಿ. ಯಾಜಕರು ಗುರುತಿಸಿದರೆಂದು ಲೂಕನು ಬರೆದಿಲ್ಲ. ಗುರುತಿಸಿದವರು ಇಬ್ಬರು. ಸಿಮೆಯೋನನು ಮಗುವನ್ನು ಎತ್ತಿಕೊಂಡು ಯೆಶಾಯನ ಮಾತುಗಳನ್ನು ನೆನೆದು ಇದು ಅನ್ಯಜನಾಂಗಗಳಿಗೂ ಬೆಳಕು ಎಂದ; ತಾಯಿಗೆ ಮಾತ್ರ ಅಲಗಿನ ಮಾತು ಹೇಳಿದ. ಸಂತೋಷದ ದಿನ ಬಾಣಂತಿಗೆ ಇಂಥ ಮಾತು! ಆದರೂ ಮುಚ್ಚಿಡಲಿಲ್ಲ.

ಇನ್ನೊಬ್ಬಳು ಅನ್ನ. ಅಶೇರ ಗೋತ್ರದ ಫನುವೇಲನ ಮಗಳು, ಗಂಡನೊಡನೆ ಬಾಳಿದ್ದು 7 ವರ್ಷ, ವಿಧವೆ, 84ರ ಮುದುಕಿ. ಆಕೆಯನ್ನು ಲೂಕನು ‘ಪ್ರವಾದಿನಿ’ ಎನ್ನುತ್ತಾನೆ. ನಾಮಕರಣಕ್ಕೆ, ತೊಟ್ಟಿಲಿಗೆ ವಿಧವೆಯನ್ನು ಕರೆಯದ ಮನೆಗಳು ನಮ್ಮ ಕ್ರೈಸ್ತರಲ್ಲೂ ಇವೆ, ನೀವೇ ನೋಡಿದ್ದೀರಿ. ಇಲ್ಲಿ ದೇವಾಲಯದೊಳಗೇ ವಿಧವೆ ಕೂಸಿನ ಬಳಿಗೆ ಬರುತ್ತಾಳೆ, ಬಿಡುಗಡೆಗಾಗಿ ಕಾದವರಿಗೆಲ್ಲ ಆ ಮಗುವಿನ ಸುದ್ದಿ ಹೇಳುತ್ತಾಳೆ. ಮರಿಯಮ್ಮ ಮುಖ ತಿರುಗಿಸಿದಳೆಂದು ಎಲ್ಲಿಯೂ ಇಲ್ಲ.

ಒಂದು ಕೊರತೆ ಉಂಟು. ಸಿಮೆಯೋನನ ಮಾತು ಪೂರ್ತಿ ದಾಖಲಾಗಿದೆ, ಅನ್ನಳದು ಒಂದು ವಾಕ್ಯವೂ ಇಲ್ಲ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲೂ ಹೀಗೇ, ಅಲ್ವಾ? ‘ಮಹಿಳೆಯರೂ ಮಾತನಾಡಿದರು’ ಅಂತ ಒಂದೇ ಸಾಲು.

ಈ ಹಬ್ಬದ ದಿನ ಮೇಣದಬತ್ತಿ ಆಶೀರ್ವಾದದ ನಂತರ ಮೆರವಣಿಗೆ ಇದೆ. ಪ್ರತಿ ಸಂಘದಿಂದ ಒಬ್ಬ ವಿಧವೆ ಅಮ್ಮ ಮುಂದೆ ನಡೆಯಲಿ ಎಂದು ಗುರುಗಳಲ್ಲಿ ಕೇಳಿಕೊಂಡೆವು, ಒಪ್ಪಿದ್ದಾರೆ. ಹೆಸರುಗಳನ್ನು ಶನಿವಾರದೊಳಗೆ ಕೊಡಿ. “ನಾನು ಬರಲ್ಲ, ಜನ ಏನಂದಾರು” ಅನ್ನುವವರ ಮನೆಗೆ ನಾವೇ ಬರುತ್ತೇವೆ.